ಏಳು ತಂತಿ, ತೇಲುವ ಬ್ರಿಜ್: ಯಾವುದು ಮೊದಲು, ಯಾವುದು ಆಮೇಲೆ

ಫ್ಲಾಯ್ಡ್ ರೋಸ್ ಬ್ರಿಜ್ (ಬಾರ್ ಎಂಬ ಹಿಡಿಕೆ ಹಿಡಿದು ಹಿಂದೆಮುಂದೆ ಬಾಗಿಸಬಹುದಾದ ತೇಲುವ ಬ್ರಿಜ್) ಇರುವ ಏಳು ತಂತಿ ಗಿಟಾರಿನಲ್ಲಿ ಏಳನೆಯ ತಂತಿಯನ್ನು ಬಿ ಯಿಂದ ಎ ಗೆ ಇಳಿಸಿದರೆ ಉಳಿದ ಆರೂ ತಂತಿ ತಾವಾಗಿಯೇ ಏರಿಬಿಡುತ್ತವೆ. ಅವನ್ನು ಇಳಿಸಹೋದರೆ ಏಳನೆಯದು ಮತ್ತೆ ಏರುತ್ತದೆ. ಅರ್ಧ ತಾಸು ಬಿರಡೆ ತಿರುವಿ ಕೈ ಸೋತ ಮೇಲೆ ‘ಈ ಬ್ರಿಜ್ಜೇ ಸರಿಯಿಲ್ಲ’ ಅನ್ನುವವರೇ ಹೆಚ್ಚು. ಬ್ರಿಜ್ ಸರಿಯಾಗಿಯೇ ಇರುತ್ತದೆ, ಕೆಲಸದ ಸರದಿ ತಪ್ಪಿರುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿದರೆ ಇದು ತಿಳಿಯುತ್ತದೆ. 25.5 ಇಂಚು ಸ್ಕೇಲಿನ (ತಂತಿ ಮಿಡಿಯುವ ಉದ್ದ) ಗಿಟಾರಿಗೆ 10-13-17-26-36-46-59 ಸೆಟ್ (ಇಂಚಿನ ಸಾವಿರದ ಲೆಕ್ಕದಲ್ಲಿ ತಂತಿಗಳ ದಪ್ಪ) ಹಾಕಿ ಸ್ಟ್ಯಾಂಡರ್ಡ್ ಶ್ರುತಿಗೆ ತಂದರೆ ಒಂದೊಂದು ತಂತಿ 7 ರಿಂದ 9 ಕೆಜಿ ಎಳೆಯುತ್ತದೆ. ಏಳೂ ಸೇರಿದರೆ ಸುಮಾರು 54 ಕೆಜಿ, ಒಂದು ಸಿಮೆಂಟ್ ಚೀಲಕ್ಕಿಂತ ತುಸು ಜಾಸ್ತಿ. ಇದೇ ಸೆಟ್ಟಿನ ಆರು ತಂತಿಯಾದರೆ 47 ಕೆಜಿ. ಬ್ರಿಜ್ ಎರಡು ಗೂಟಗಳ ಮೇಲೆ ನಿಂತ ತಕ್ಕಡಿ: ಒಂದು ಕಡೆ ತಂತಿಗಳು, ಇನ್ನೊಂದು ಕಡೆ ಗಿಟಾರಿನ ಬೆನ್ನಿನ ಕುಳಿಯೊಳಗಿನ ಸ್ಪ್ರಿಂಗುಗಳು. 59ರ ತಂತಿ ಬಿ ಯಲ್ಲಿದ್ದಾಗ ಏಳೂವರೆ ಕೆಜಿ ಎಳೆಯುತ್ತದೆ, ಎ ಗೆ ಇಳಿಸಿದಾಗ ಆರಕ್ಕೂ ಕಡಿಮೆ. ಒಂದೂವರೆ ಕೆಜಿ ಹಗುರಾದ ತಕ್ಷಣ ಸ್ಪ್ರಿಂಗ್ ಗೆದ್ದು ಬ್ರಿಜ್ಜಿನ ಹಿಂಬದಿ ಕೆಳಗೆ ಕೂತುಕೊಳ್ಳುತ್ತದೆ, ಉಳಿದ ತಂತಿಗಳು ಬಿಗಿಯುತ್ತವೆ. ತಂತಿಯ ದಪ್ಪ, ಶ್ರುತಿ, ನೆಕ್ಕಿನ ಬಾಗು, ಬ್ರಿಜ್ಜಿನ ಎತ್ತರ, ಯಾವುದನ್ನು ಮುಟ್ಟಿದರೂ ಉಳಿದವೆಲ್ಲ ಅಲುಗುತ್ತವೆ.

ತಂತಿಗೆ ಎರಡೂ ತುದಿಯಲ್ಲಿ ಬೀಗ ಹಾಕುವ ಈ ಬ್ರಿಜ್ಜಿಗೆ ಫ್ಲಾಯ್ಡ್ ರೋಸ್ ಪೇಟೆಂಟ್ ಪಡೆದದ್ದು 1979ರಲ್ಲಿ. ಏಳು ತಂತಿಯ ಮೇಲೆ ಅದು ಹೆಸರಾದದ್ದು 1990ರಲ್ಲಿ, ಸ್ಟೀವ್ ವಾಯ್‌ಗಾಗಿ ಐಬನೀಜ್ ತಂದ ಯೂನಿವರ್ಸ್ ಗಿಟಾರಿನಿಂದ. ಧಾರವಾಡದವರಿಗೆ ಏಳು ತಂತಿ ಹೊಸದಲ್ಲ ಬಿಡಿ; ಸಿತಾರಿಗೆ ಈಗಿನ ಏಳು ತಂತಿಯ ಜೋಡಣೆ ಕೊಟ್ಟವರೆಂದು ಇಲ್ಲೇ ನೆಲೆಸಿದ್ದ ಸಿತಾರ್ ರತ್ನ ರಹಿಮತ್ ಖಾನರ ಹೆಸರು ಹೇಳುತ್ತಾರೆ. ಇನ್ನು ಇಂಥ ಬ್ರಿಜ್ಜಿಗೆ ರೂಢಿಯಲ್ಲಿರುವ ‘ಟ್ರೆಮೊಲೊ’ ಅನ್ನುವ ಹೆಸರೇ ತಪ್ಪು. ನಾದದ ಜೋರು ಏರಿಳಿದರೆ ಟ್ರೆಮೊಲೊ, ಸ್ವರ ಏರಿಳಿದರೆ ವೈಬ್ರಾಟೊ. 1954ರ ಸ್ಟ್ರಾಟೊಕ್ಯಾಸ್ಟರಿನ ಬ್ರಿಜ್ಜಿಗೆ ಫೆಂಡರ್ ಕಂಪನಿ ಇಟ್ಟ ಹೆಸರು ಹಾಗೇ ಉಳಿದುಬಂದಿದೆ.

ಸಾಮಾನು ಹೆಚ್ಚೇನೂ ಬೇಡ. 3 ಮಿಮೀ ಮತ್ತು 2.5 ಮಿಮೀ ಅಲನ್ ಕೀ. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಎಲೆನ್ ಕೀ’ ಅಂದರೆ ಬೇಗ ಕೊಡುತ್ತಾರೆ. ಮೂಲ ಫ್ಲಾಯ್ಡಿನಲ್ಲಿ ನಟ್ (ಬಿರಡೆಗಳ ಕಡೆ ತಂತಿ ಹಾಯುವ ಪಟ್ಟಿ) ಮತ್ತು ತಂತಿಯ ಬೀಗದ ಸ್ಕ್ರೂಗಳಿಗೆ 3 ಮಿಮೀ, ಸ್ಯಾಡಲ್ (ಬ್ರಿಜ್ಜಿನ ಮೇಲೆ ಒಂದೊಂದು ತಂತಿ ಕೂರುವ ತುಂಡು) ಹಿಡಿದ ಸ್ಕ್ರೂಗಳಿಗೆ 2.5 ಮಿಮೀ. ಇಲ್ಲಿ ಮಾತ್ರ ಜಿಪುಣತನ ಬೇಡ. ಅಗ್ಗದ ಕೀಯ ಮೂಲೆ ಸವೆದಿದ್ದರೆ ಮೊದಲು ಹಾಳಾಗುವುದು ಸ್ಕ್ರೂವಿನ ತಲೆ, ಅದು ಊರಲ್ಲಿ ಸಿಗುವ ಸಾಮಾನಲ್ಲ. ಉದ್ದನೆಯ ಫಿಲಿಪ್ಸ್ ಸ್ಕ್ರೂ ಡ್ರೈವರ್ ಒಂದು, ಗಟ್ಟಿ ತಂತಿ ಕತ್ತರಿಸುವ ನಿಪ್ಪರ್ ಒಂದು, ಅರ್ಧ ಮಿಮೀ ಗೆರೆ ಇರುವ ಸ್ಟೀಲ್ ಪಟ್ಟಿ ಒಂದು. ಫೀಲರ್ ಗೇಜಿಗಾಗಿ (ಸಂದು ಅಳೆಯುವ ತೆಳು ಲೋಹದ ಎಲೆಗಳ ಕಟ್ಟು) ಬೆಂಗಳೂರಿನ ಸಂಗೀತದ ಅಂಗಡಿ ಹುಡುಕಬೇಕಿಲ್ಲ. ಬೈಕ್ ಮೆಕ್ಯಾನಿಕ್ಕುಗಳು ಟ್ಯಾಪೆಟ್ ಹೊಂದಿಸಲು ಇಟ್ಟುಕೊಳ್ಳುವುದು ಅದನ್ನೇ, ಆಟೊಮೊಬೈಲ್ ಅಂಗಡಿಯಲ್ಲಿ ಕೇಳಿ.

ಇನ್ನೊಂದು ಸಾಮಾನನ್ನು ಬಡಿಗೇರರ ಹತ್ತಿರ ಮಾಡಿಸಬೇಕು: ತೇಗದ ಸಣ್ಣ ತುಂಡು, ಎರಡೂ ಮುಖ ಸಮನಾಗಿ ಉಜ್ಜಿದ್ದು. ಗಿಟಾರಿನ ಬೆನ್ನಿನ ಮುಚ್ಚಳ ತೆಗೆದರೆ ಬ್ರಿಜ್ಜಿನಿಂದ ಕೆಳಗಿಳಿದ ಲೋಹದ ಗಟ್ಟಿ ಕಾಣುತ್ತದೆ. ಅದಕ್ಕೂ ಬಾಲದ ಕಡೆಯ ಕಟ್ಟಿಗೆ ಗೋಡೆಗೂ ನಡುವೆ ಒಂದು ಸಂದು ಇರುತ್ತದೆ. ಬ್ರಿಜ್ಜಿನ ತಳದ ತಟ್ಟೆ ಗಿಟಾರಿನ ಮೈಗೆ ಸಮಾನಾಂತರವಾಗಿ ನಿಂತಾಗ ಆ ಸಂದು ಎಷ್ಟಿರುತ್ತದೋ ಅಷ್ಟೇ ದಪ್ಪದ ತುಂಡು ಬೇಕು. ಗಿಟಾರಿನಿಂದ ಗಿಟಾರಿಗೆ ಅಳತೆ ಬೇರೆ, ಹಾಗಾಗಿ ತುಂಡು ಸ್ವಲ್ಪ ತೆಳುವಾಗಿಯೇ ಇರಲಿ. ಕಡಿಮೆ ಬಿದ್ದಷ್ಟಕ್ಕೆ ಹಳೆಯ ಎಟಿಎಂ ಕಾರ್ಡ್ ಕತ್ತರಿಸಿ ಸೇರಿಸಿ. ಒಂದು ಕಾರ್ಡ್ ಅಂದರೆ ಮುಕ್ಕಾಲು ಮಿಮೀ. ಅಳತೆ ಕೂತ ಮೇಲೆ ಎಲ್ಲವನ್ನೂ ಟೇಪಿನಿಂದ ಸುತ್ತಿ ಕೇಸಿನಲ್ಲಿಡಿ. ಮುಂದಿನ ಕೆಲಸ ಅರ್ಧಕ್ಕರ್ಧ ನಿಂತಿರುವುದು ಈ ತುಂಡಿನ ಮೇಲೆ.

ಮೊದಲು ತಂತಿ. ಹಳೆಯದನ್ನೆಲ್ಲ ಒಮ್ಮೆಲೇ ಬಿಚ್ಚುವುದಾದರೆ, ಬಿಚ್ಚುವ ಮೊದಲೇ ಫೈನ್ ಟ್ಯೂನರುಗಳ (ಬ್ರಿಜ್ಜಿನ ಹಿಂಬದಿಯಲ್ಲಿ ಶ್ರುತಿಯನ್ನು ನವಿರಾಗಿ ಹೊಂದಿಸುವ ಸ್ಕ್ರೂಗಳು) ಕೆಳಗೆ ಮಡಚಿದ ಬಟ್ಟೆ ತುರುಕಿ. ಇಲ್ಲದಿದ್ದರೆ ಸ್ಪ್ರಿಂಗುಗಳು ಬ್ರಿಜ್ಜನ್ನು ಹಿಂದಕ್ಕೆ ಎಳೆದು ಬಣ್ಣಕ್ಕೆ ಗಾಯ ಮಾಡುತ್ತವೆ, ಒಮ್ಮೊಮ್ಮೆ ಬ್ರಿಜ್ ಗೂಟದಿಂದಲೇ ಕಳಚಿ ಬೀಳುತ್ತದೆ. ಹೊಸ ತಂತಿಯ ತುದಿಯ ಗುಂಡನ್ನು ಕತ್ತರಿಸಿ, ಬರಿ ತುದಿಯನ್ನು ಸ್ಯಾಡಲಿನೊಳಗೆ ಬೀಗ ಹಾಕುವುದು ವಾಡಿಕೆ. ಕತ್ತರಿಸುವಾಗ ಗುಂಡಿನ ಹತ್ತಿರ ಎರಡು ಪದರ ಸುತ್ತಿದ ಭಾಗವೂ ಪೂರ್ತಿ ಹೋಗಬೇಕು. ಆ ತಿರುಚು ಸ್ಯಾಡಲಿನೊಳಗೆ ಉಳಿದರೆ ಬೀಗ ಸರಿಯಾಗಿ ಕೂರುವುದಿಲ್ಲ.

ನನ್ನ ಮತ ಕೇಳಿದರೆ ಉಲ್ಟಾ ಹಾಕುವುದೇ ಮೇಲು. ಗುಂಡು ಬಿರಡೆಯ ಕಡೆ ಇರಲಿ. ತಂತಿಯನ್ನು ಬಿರಡೆಯ ತೂತಿನಲ್ಲಿ ಹಾಯಿಸಿ, ನಟ್ ದಾಟಿಸಿ ಬ್ರಿಜ್ಜಿಗೆ ತಂದು, ಅಲ್ಲಿ ಅಳತೆ ನೋಡಿ ಕತ್ತರಿಸುವುದು. ಪ್ಲೇನ್ (ಮೇಲೆ ಸುತ್ತಿಲ್ಲದ) ತಂತಿ ತುಂಡಾಗುವುದು ಹೆಚ್ಚಾಗಿ ಸ್ಯಾಡಲಿನ ಹತ್ತಿರ. ಹಾಗಾದಾಗ ಬಿರಡೆಗೆ ಸುತ್ತಿದ್ದ ಉಳಿಕೆಯನ್ನು ಬಿಚ್ಚಿಕೊಂಡು ಅದೇ ತಂತಿಯನ್ನು ಮತ್ತೆ ಬೀಗಕ್ಕೆ ಸಿಕ್ಕಿಸಬಹುದು. ಸುತ್ತು ತಂತಿಗಳನ್ನು ಮಾತ್ರ ಕತ್ತರಿಸುವ ಮುಂಚೆ ಒಮ್ಮೆ ಗಟ್ಟಿಯಾಗಿ ಬಗ್ಗಿಸಿಕೊಳ್ಳಿ, ಮೇಲಿನ ಸುತ್ತು ಜಾರದಂತೆ. 59 ಮತ್ತು ಅದಕ್ಕಿಂತ ದಪ್ಪದ ತಂತಿ ಕೆಲವು ಬಿರಡೆಗಳ ತೂತಿನಲ್ಲಿ ಉಲ್ಟಾ ಹಾಯುವುದಿಲ್ಲ. ಅದೊಂದನ್ನು ಸೀದಾ ಹಾಕಿದರಾಯಿತು, ತೂತು ಕೊರೆದು ದೊಡ್ಡದು ಮಾಡುವ ಉಸಾಬರಿ ಬೇಡ.

ಸ್ಯಾಡಲಿನೊಳಗೆ ಒಂದು ಪುಟ್ಟ ಚೌಕ ಗಟ್ಟಿ ಇರುತ್ತದೆ. ಹಿಂದಿನ ಉದ್ದ ಸ್ಕ್ರೂ ಅದನ್ನು ತಳ್ಳಿ ತಂತಿಯನ್ನು ಹಿಸುಕುತ್ತದೆ. ತಂತಿ ಆ ಸಂದಿನ ನಡುಮಧ್ಯಕ್ಕೆ, ತಳದವರೆಗೆ ನೇರವಾಗಿ ಇಳಿದಿರಬೇಕು. ಓರೆಯಾಗಿ ಸಿಕ್ಕಿದರೆ ಬಾರ್ ಎಳೆದಾಗ ಜಾರುತ್ತದೆ. ಬಿಗಿ ಎಷ್ಟು ಅಂದರೆ, ಕೀಯನ್ನು ಬೆರಳಲ್ಲಿ ಹಿಡಿದು ತಿರುವಿ ನಿಂತ ಮೇಲೆ ಕಾಲು ಸುತ್ತು. ಅದಕ್ಕಿಂತ ಹೆಚ್ಚು ಬಿಗಿದವರ ಗಿಟಾರಿನಲ್ಲಿ ಆ ಪುಟ್ಟ ಗಟ್ಟಿ ಸೀಳಿಯೋ ತಗ್ಗು ಬಿದ್ದೋ ಇರುತ್ತದೆ. ತಗ್ಗು ಬಿದ್ದಿದ್ದರೆ ತೆಗೆದು ಮಗುಚಿ ಹಾಕಿ, ಇನ್ನೊಂದು ಮುಖ ಬಳಕೆಗೆ ಬರುತ್ತದೆ. ತೆಗೆಯುವಾಗ ಗಿಟಾರಿನ ಕೆಳಗೆ ಬಿಳಿ ಬಟ್ಟೆ ಹಾಸಿರಲಿ. ಜೋಳದ ಕಾಳಿನಷ್ಟಿರುವ ಆ ವಸ್ತು ನೆಲಕ್ಕೆ ಬಿತ್ತೆಂದರೆ ಕಸಬರಿಗೆ ಹಿಡಿದು ಹುಡುಕಬೇಕಾಗುತ್ತದೆ.

ಏಳೂ ತಂತಿ ಹಾಕಿ, ಫೈನ್ ಟ್ಯೂನರುಗಳನ್ನೆಲ್ಲ ಅರ್ಧ ದಾರಿಗೆ ತಂದು, ನಟ್ಟಿನ ಬೀಗ ತೆರೆದಿಟ್ಟುಕೊಂಡೇ ದಪ್ಪದಿಂದ ತೆಳುವಿನ ಕಡೆಗೆ ಮೂರ್ನಾಲ್ಕು ಸಲ ಒರಟಾಗಿ ಶ್ರುತಿ ಮಾಡಿ. ಒಂದೊಂದು ತಂತಿಯನ್ನೂ ಬೆರಳಲ್ಲಿ ಎತ್ತಿ ಜಗ್ಗಿ ಹಿಗ್ಗಿಸಿ. ಇನ್ನು ಬಟ್ಟೆ ತೆಗೆಯಬಹುದು. ಈಗ ಬ್ರಿಜ್ ಮುಂದಕ್ಕೆ ಬಾಗಿದ್ದರೂ ಚಿಂತೆಯಿಲ್ಲ.

ಈಗ ತೇಗದ ತುಂಡಿನ ಕೆಲಸ. ಸ್ಪ್ರಿಂಗುಗಳ ಇನ್ನೊಂದು ತುದಿ ಸಿಕ್ಕಿಸಿದ ಲೋಹದ ಪಟ್ಟಿಗೆ ಕ್ಲಾ ಅನ್ನುತ್ತಾರೆ. ಅದನ್ನು ಎರಡು ಉದ್ದ ಸ್ಕ್ರೂ ಕಟ್ಟಿಗೆಗೆ ಹಿಡಿದಿರುತ್ತವೆ. ಎರಡನ್ನೂ ಸಮನಾಗಿ ಮೂರ್ನಾಲ್ಕು ಸುತ್ತು ಸಡಿಲಿಸಿ. ಒಂದು ತಂತಿಯನ್ನು ಪೂರ್ತಿ ಬಿಟ್ಟರೂ ಉಳಿದ ಆರು ತಂತಿಗಳು ಸ್ಪ್ರಿಂಗುಗಳನ್ನು ಗೆಲ್ಲುವಂತಿರಬೇಕು. ಕ್ಲಾಕ್ಕೆ ಬೆಸೆದ ಅರ್ಥ್ ವೈರ್ ಜಗ್ಗದಂತೆ ನೋಡಿಕೊಳ್ಳಿ, ಅದು ಕಿತ್ತರೆ ಆಂಪಿನಲ್ಲಿ ಗುಂಯ್ ಅನ್ನುವ ಸದ್ದು ಶುರುವಾಗುತ್ತದೆ. ಬಾರನ್ನು ಮೇಲಕ್ಕೆ ಎಳೆದರೆ ಬಾಲದ ಕಡೆಯ ಸಂದು ಅಗಲವಾಗುತ್ತದೆ. ಆಗ ತುಂಡು ಇಳಿಸಿ ಬಾರ್ ಬಿಡಿ. ತಂತಿಗಳು ಬ್ರಿಜ್ಜನ್ನು ಮುಂದಕ್ಕೆ ಎಳೆಯುತ್ತವೆ, ಗಟ್ಟಿ ಹಿಂದಕ್ಕೆ ಸರಿದು ತುಂಡಿಗೆ ಆತು ನಿಲ್ಲುತ್ತದೆ. ಈಗ ನಿಮ್ಮ ಕೈಯಲ್ಲಿರುವುದು ಬ್ರಿಜ್ ಅಲುಗದ ಸಾದಾ ಗಿಟಾರು. ಒಂದು ತಂತಿ ಮುಟ್ಟಿದರೆ ಇನ್ನೊಂದು ಓಡುವುದಿಲ್ಲ. ತಳದ ತಟ್ಟೆ ಮೈಗೆ ಸಮಾನಾಂತರವಿದೆಯೇ ಎಂದು ಪಕ್ಕದಿಂದ ಕಣ್ಣಿಟ್ಟು ನೋಡಿ, ಕಾರ್ಡಿನ ತುಣುಕು ಹೆಚ್ಚು ಕಡಿಮೆ ಮಾಡಿ, ನಿಮಗೆ ಬೇಕಾದ ಶ್ರುತಿಗೆ ಏಳೂ ತಂತಿ ತನ್ನಿ. ಮುಂದಿನ ಅಳತೆಗಳೆಲ್ಲ ಈ ಸ್ಥಿತಿಯಲ್ಲೇ ಆಗಬೇಕು.

ನೆಕ್ಕಿನದು ಬೇಗ ಮುಗಿಯುತ್ತದೆ. ಮೊದಲ ಫ್ರೆಟ್ಟಿಗೆ ಕೇಪೊ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ಮೈಗೆ ಸೇರುವ ಕಡೆ ಏಳನೆಯ ತಂತಿಯನ್ನು ಒತ್ತಿ ಹಿಡಿದು, ಏಳು-ಎಂಟನೆಯ ಫ್ರೆಟ್ಟಿನ ಮೇಲಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. 0.2 ರಿಂದ 0.3 ಮಿಮೀ ಇರಲಿ. ಹೆಚ್ಚಿದ್ದರೆ ಟ್ರಸ್ ರಾಡನ್ನು (ನೆಕ್ಕಿನೊಳಗಿನ ಲೋಹದ ಸರಳು) ಗಡಿಯಾರದ ದಿಕ್ಕಿಗೆ, ಕಡಿಮೆಯಿದ್ದರೆ ವಿರುದ್ಧ ದಿಕ್ಕಿಗೆ, ಒಮ್ಮೆಗೆ ಎಂಟನೇ ಒಂದು ಸುತ್ತು. ಪ್ರತಿ ಸಲವೂ ಮತ್ತೆ ಶ್ರುತಿ ಮಾಡಿಯೇ ಅಳೆಯಬೇಕು.

ಎತ್ತರ ಹೊಂದಿಸುವುದು ಎರಡು ಗೂಟಗಳಿಂದ. 12ನೆಯ ಫ್ರೆಟ್ಟಿನಲ್ಲಿ ತೆಳು ಇ ತಂತಿಗೆ 1.5 ಮಿಮೀ, ದಪ್ಪ ಬಿ ಗೆ 2 ರಿಂದ 2.2 ಮಿಮೀ. ದಪ್ಪ ತಂತಿ ಅಗಲವಾಗಿ ಬೀಸುತ್ತದೆ, ಅದಕ್ಕೆ ಜಾಗ ಬೇಕು. ತಂತಿ ಬಿಗಿದಿರುವಾಗ ಗೂಟ ತಿರುವಬೇಡಿ. ಬ್ರಿಜ್ ಗೂಟಕ್ಕೆ ತಾಗುವುದು ಚೂರಿಯಂಥ ಒಂದು ಅಂಚಿನಿಂದ. 54 ಕೆಜಿ ಒತ್ತಡದಲ್ಲಿ ತಿರುವಿದರೆ ಆ ಅಂಚು ಗೂಟವನ್ನು ಕೆರೆಯುತ್ತದೆ, ತಾನೂ ಮೊಂಡಾಗುತ್ತದೆ. ಅಲ್ಲಿಗೆ ಆ ಬ್ರಿಜ್ ಶ್ರುತಿಗೆ ಮರಳುವ ಗುಣ ಕಳೆದುಕೊಂಡಂತೆ. ತಂತಿ ಸಡಿಲಿಸಿ, ತಿರುವಿ, ಮತ್ತೆ ಶ್ರುತಿಗೆ ತಂದು ಅಳೆಯುವುದು ಬೇಸರದ ಕೆಲಸವೇ, ಆದರೆ ಬೇರೆ ದಾರಿಯಿಲ್ಲ. ಸ್ಯಾಡಲುಗಳ ಎತ್ತರ ಒಂದೊಂದಾಗಿ ಏರಿಸುವ ಸ್ಕ್ರೂ ಫ್ಲಾಯ್ಡಿನಲ್ಲಿ ಇಲ್ಲ. ನಡುವಿನ ತಂತಿಗಳು ಫ್ರೆಟ್ ಬೋರ್ಡಿನ ಉಬ್ಬಿಗೆ ಹೊಂದದಿದ್ದರೆ ಸ್ಯಾಡಲಿನ ಕೆಳಗೆ 0.2 ಮಿಮೀ ಸ್ಟೀಲ್ ತಗಡಿನ ತುಣುಕು ಇಡುತ್ತಾರೆ.

ಇಂಟೊನೇಷನ್, ಅಂದರೆ ಫ್ರೆಟ್ಟುಗಳ ಮೇಲೆ ಸ್ವರ ಸರಿಯಾಗಿ ಬರುತ್ತದೆಯೇ ಎಂದು ನೋಡುವಾಗ 12ನೆಯ ಫ್ರೆಟ್ಟಿನ ಹಾರ್ಮೊನಿಕ್ಕನ್ನೂ (ಒತ್ತದೆ ಬೆರಳು ಬರೀ ತಾಗಿಸಿ ನುಡಿಸಿದ ಸ್ವರ) ಅಲ್ಲೇ ಒತ್ತಿ ನುಡಿಸಿದ ಸ್ವರವನ್ನೂ ಹೋಲಿಸುತ್ತೇವೆ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ನೆಕ್ಕಿನ ಕಡೆಗೆ. ಸ್ಯಾಡಲಿನ ಸ್ಕ್ರೂ ಸಡಿಲಿಸುವ ಮುನ್ನ ಆ ತಂತಿಯನ್ನು ಪೂರ್ತಿ ಇಳಿಸಬೇಕು. ಇಲ್ಲದಿದ್ದರೆ ಎಳೆತದಲ್ಲಿದ್ದ ಸ್ಯಾಡಲ್ ಟಪ್ಪೆಂದು ಮುಂದಕ್ಕೆ ಹಾರುತ್ತದೆ, ಅದು ಮೊದಲು ನಿಂತಿದ್ದ ಗುರುತೇ ಸಿಗುವುದಿಲ್ಲ. ಪೆನ್ಸಿಲಿನಿಂದ ಹಳೆಯ ಜಾಗಕ್ಕೆ ಗೆರೆ ಎಳೆದುಕೊಂಡು, ಒಮ್ಮೆಗೆ ಅರ್ಧ ಮಿಮೀ ಸರಿಸಿ. ಏಳನೆಯ ತಂತಿ ಇಲ್ಲಿಯೂ ತಂಟೆಕೋರ. ಬಿ ಅಂದರೆ 61.74 ಹರ್ಟ್ಸ್, ಮೊಬೈಲಿನ ಟ್ಯೂನರ್ ಆ್ಯಪುಗಳು ಇಷ್ಟು ಮಂದ್ರಕ್ಕೆ ತಡವರಿಸುತ್ತವೆ. ಟ್ಯೂನರಿಗೆ ಕೇಬಲ್ ಹಾಕಿ, ನೆಕ್ ಪಿಕಪ್ ಆರಿಸಿ, ಟೋನ್ ಗುಂಡಿ ಇಳಿಸಿ, ಹಾರ್ಮೊನಿಕ್ಕಿನ 123.47 ಹರ್ಟ್ಸಿನ ಮೇಲೆ ನಂಬಿಕೆ ಇಡಿ. ಒತ್ತುವ ಬೆರಳು ಹಗುರವಿರಲಿ, ಜೋರಾಗಿ ಒತ್ತಿದರೆ ದಪ್ಪ ತಂತಿ ಸುಮ್ಮನೆ ಏರುತ್ತದೆ. ಸ್ಯಾಡಲ್ ಹಿಂದೆ ಸರಿಯುವ ಜಾಗ ಮುಗಿದರೆ ಸ್ಕ್ರೂ ತೆಗೆದು ತಳದ ತಟ್ಟೆಯ ಇನ್ನೊಂದು ತೂತಿಗೆ ಹಾಕಿ. ಬಹಳ ಬ್ರಿಜ್ಜುಗಳಲ್ಲಿ ಅದಕ್ಕಾಗಿಯೇ ಒಂದಕ್ಕಿಂತ ಹೆಚ್ಚು ತೂತು ಕೊಟ್ಟಿರುತ್ತಾರೆ.

ಇಷ್ಟಾದ ಮೇಲೆ ತಕ್ಕಡಿ ತೂಗುವ ಹೊತ್ತು. ತುಂಡು ಅಲ್ಲೇ ಇರಲಿ, ಏಳೂ ತಂತಿ ನಿಖರ ಶ್ರುತಿಯಲ್ಲಿರಲಿ. ಕ್ಲಾದ ಎರಡು ಸ್ಕ್ರೂಗಳನ್ನು ಸರದಿಯಂತೆ ಅರ್ಧರ್ಧ ಸುತ್ತು ಬಿಗಿಯುತ್ತ ಹೋಗಿ. ಕೊನೆಗೆ ಕಾಲು ಸುತ್ತು, ಆಮೇಲೆ ಅದಕ್ಕೂ ಕಡಿಮೆ. ಒಂದು ಹಂತದಲ್ಲಿ, ಬೆರಳಿನಿಂದ ಅಲ್ಲಾಡಿಸಿದರೂ ಅಲುಗದೆ ಕೂತಿದ್ದ ತುಂಡು ಮೆಲ್ಲಗೆ ಜಾರುತ್ತದೆ. ಗಿಟಾರನ್ನು ಓರೆ ಹಿಡಿದರೆ ತಾನಾಗಿ ಅಂಗೈಗೆ ಬೀಳುತ್ತದೆ. ಅಲ್ಲಿಗೆ ನಿಲ್ಲಿಸಿ. ಸ್ಪ್ರಿಂಗಿನ ಎಳೆತ ಈಗ ತಂತಿಗಳಿಗೆ ಸರಿಸಮ. ಟ್ಯೂನರ್ ಹಾಕಿ ನೋಡಿದರೆ ಏಳೂ ತಂತಿ ಇದ್ದಲ್ಲೇ ಇರುತ್ತವೆ, ಒಂದೆರಡು ಸೆಂಟ್ (ಅರೆಸ್ವರದ ನೂರನೇ ಒಂದು ಪಾಲು) ಆಚೀಚೆ ಆದರೆ ಫೈನ್ ಟ್ಯೂನರ್ ಸಾಕು. ಬಿರಡೆ ತಿರುವಿ ತಿರುವಿ ಇದೇ ಸ್ಥಿತಿಗೆ ಬರಬಹುದು, ಆದರೆ ಹೊತ್ತು ಇದರ ನಾಲ್ಕು ಪಟ್ಟು.

ಸ್ಪ್ರಿಂಗ್ ಎಷ್ಟು ಬೇಕು? ಏಳು ತಂತಿಗೆ ನಾಲ್ಕರಿಂದ ಶುರು ಮಾಡಿ. ಕ್ಲಾ ಕಟ್ಟಿಗೆಗೆ ಅಂಟಿದರೂ ಬ್ರಿಜ್ ಮುಂದಕ್ಕೇ ಬಾಗಿದ್ದರೆ ಐದನೆಯದು ಹಾಕಿ. ಕ್ಲಾದ ಸ್ಕ್ರೂ ಕಳಚಿ ಬರುವಷ್ಟು ಹೊರಗಿದ್ದರೆ ಒಂದು ತೆಗೆಯಿರಿ. ಕಡಿಮೆ ಸ್ಪ್ರಿಂಗ್ ಹೆಚ್ಚು ಎಳೆದು ಹಾಕಿದರೆ ಬಾರ್ ಮೆತ್ತಗೆ, ಹೆಚ್ಚು ಸ್ಪ್ರಿಂಗ್ ಕಡಿಮೆ ಎಳೆದರೆ ಬಾರ್ ಗಡಸು. ಎರಡರಲ್ಲೂ ತೂಕ ಕೂಡುತ್ತದೆ. ಒಂದು ತಂತಿಯನ್ನು ಬಗ್ಗಿಸಿ ನುಡಿಸುವಾಗ ಉಳಿದವು ತುಸು ಇಳಿಯುತ್ತವಲ್ಲ, ಆ ಕಾಟ ಗಡಸು ಜೋಡಣೆಯಲ್ಲಿ ಕಡಿಮೆ. ಮೀಂಡದಂತೆ ಬಾರ್ ಆಡಿಸುವವರಿಗೆ ಮೆತ್ತಗಿನದೇ ರುಚಿ. ಸ್ಪ್ರಿಂಗುಗಳು ಗುಂಯ್‌ಗುಡುತ್ತಿದ್ದರೆ ಒಳಗೆ ತೆಳು ಸ್ಪಂಜಿನ ಪಟ್ಟಿ ತೂರಿಸಿ.

ಕೊನೆಯದು ನಟ್ಟಿನ ಬೀಗ. ಬೀಗ ಹಾಕಿದ ಕೂಡಲೆ ಎಲ್ಲ ತಂತಿಗಳೂ ಏರುತ್ತವೆ ಅನ್ನುವುದು ಸಾಮಾನ್ಯ ದೂರು. ಕಾರಣ ನಟ್ಟಿನ ಹಿಂದಿನ ಅಡ್ಡ ಪಟ್ಟಿ. ಅದು ತಂತಿಯನ್ನು ಒತ್ತಿ ನಟ್ಟಿನ ಮೈಗೆ ಪೂರ್ತಿ ತಾಗಿಸಿರಬೇಕು. ತಂತಿ ಹಿಂಬದಿಯಲ್ಲಿ ಕೂದಲೆಳೆಯಷ್ಟು ಎತ್ತಿದ್ದರೂ ಬೀಗ ಅದನ್ನು ಕೆಳಗೆ ಒತ್ತಿ ಬಿಗಿಸುತ್ತದೆ. ಪಟ್ಟಿಯ ಎರಡು ಸ್ಕ್ರೂ ಇಳಿಸಿ, ಶ್ರುತಿ ಮಾಡಿ, ಮತ್ತೆ ಬೀಗ ಹಾಕಿ ನೋಡಿ. ಬೀಗ ಬಿದ್ದ ಮೇಲೆ ಬಿರಡೆ ಮುಟ್ಟುವಂತಿಲ್ಲ. ಮರೆತು ತಿರುವಿದರೆ ಸ್ವರ ಏರುವುದಿಲ್ಲ, ನಟ್ಟಿನ ಹಿಂದಿನ ತುಂಡು ಮಾತ್ರ ಬಿಗಿದು ಬಿಗಿದು ಟಪ್ಪೆಂದು ಹರಿಯುತ್ತದೆ. ಇನ್ನು ಮುಂದೆ ಎಲ್ಲವೂ ಫೈನ್ ಟ್ಯೂನರಿನಿಂದಲೇ. ತಂಬೂರಿಯಲ್ಲಿ ಬಿರಡೆಯಿಂದ ಹತ್ತಿರ ತಂದು ಕುದುರೆಯ ಹಿಂದಿನ ಮಣಿ ಸರಿಸಿ ಶ್ರುತಿ ಕೂಡಿಸುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶ್ರುತಿ ನಿಲ್ಲದಿದ್ದರೆ ಕಾರಣ ಊಹಿಸಬೇಡಿ, ಬಾರನ್ನೇ ಕೇಳಿ. ಬಾರ್ ಪೂರ್ತಿ ಒತ್ತಿ ಬಿಟ್ಟಾಗ ಎಲ್ಲ ತಂತಿಯೂ ತುಸು ಇಳಿದು ನಿಂತು, ಮೇಲೆಳೆದು ಬಿಟ್ಟಾಗ ಎಲ್ಲವೂ ತುಸು ಏರಿ ನಿಂತರೆ ಅದು ಚೂರಿ ಅಂಚಿನ ತಿಕ್ಕಾಟ. ಬ್ರಿಜ್ ನಡುವಿಗೆ ಮರಳುವ ಮುಂಚೆಯೇ ಸಿಕ್ಕಿಕೊಳ್ಳುತ್ತಿದೆ. ಅಂಚು ಒರೆಸಿ, ಬೆಂಕಿಕಡ್ಡಿಯ ತುದಿಯಲ್ಲಿ ಹಿಡಿಯುವಷ್ಟು ವ್ಯಾಸಲೀನ್ ಹಚ್ಚಿ. ಹೆಚ್ಚಾದರೆ ಹುಬ್ಬಳ್ಳಿಯ ಧೂಳು ಅಂಟಿ ಉಪ್ಪುಕಾಗದವಾಗುತ್ತದೆ. ಒಂದೇ ತಂತಿ, ಅದೂ ಮೇಲೆಳೆದಾಗ ಮಾತ್ರ ಇಳಿಯುತ್ತಿದ್ದರೆ ಅದರ ಬೀಗ ಜಾರುತ್ತಿದೆ. ಬಾರ್ ಮುಟ್ಟದೆಯೂ ಇಳಿಯುತ್ತಿದ್ದರೆ ತಂತಿ ಇನ್ನೂ ಹಿಗ್ಗುತ್ತಿದೆ. ಇವು ಯಾವುವೂ ಅಲ್ಲದಿದ್ದರೆ ಬಾರ್ ಒತ್ತುತ್ತ ಗೂಟಗಳನ್ನು ದಿಟ್ಟಿಸಿ ನೋಡಿ. ಗೂಟವೇ ಬಾಗಿ ಅಲುಗುತ್ತಿದ್ದರೆ ಮೆತ್ತನೆಯ ಕಟ್ಟಿಗೆಯಲ್ಲಿ ಅದರ ತೂತು ಅಗಲಾಗಿದೆ. ಗಟ್ಟಿ ಕಟ್ಟಿಗೆಯ ಗೂಟ ಬಡಿದು ಅಂಟಿಸಿ ಹೊಸದಾಗಿ ಕೊರೆಯಬೇಕು, ಇದು ಒಳ್ಳೆಯ ಬಡಿಗೇರರ ಕೆಲಸ.

ಧಾರವಾಡದ ಜಿಟಿಜಿಟಿ ಮಳೆ ನೆಕ್ಕಿಗೆ ಆಗಿಬರುವುದಿಲ್ಲ. ಏಪ್ರಿಲ್‌ನ ಒಣ ಬಿಸಿಲಿಗೂ ಜುಲೈನ ತೇವಕ್ಕೂ ಕಟ್ಟಿಗೆ ಒಂದೇ ಆಕಾರದಲ್ಲಿ ಇರುವುದಿಲ್ಲ. ಯಾವ ಕಡೆ ಬಾಗುತ್ತದೆ ಅನ್ನುವುದು ಆಯಾ ನೆಕ್ಕಿನ ಕಟ್ಟಿಗೆ, ಪದರ, ಕೊಯ್ದ ರೀತಿಗೆ ಬಿಟ್ಟದ್ದು. ಮಿರಗದ ಮಳೆ ಬಿದ್ದ ಮೇಲೊಮ್ಮೆ, ದಸರೆಗೊಮ್ಮೆ, ಬೇಸಿಗೆ ಶುರುವಿಗೊಮ್ಮೆ ನೆಕ್ಕಿನ ಆ ಸಂದು ಅಳೆದು ಕ್ಯಾಲೆಂಡರಿನ ಮೇಲೆ ಬರೆದಿಡಿ, ನಿಮ್ಮ ಗಿಟಾರಿನ ಚಾಳಿ ಎರಡು ವರ್ಷದಲ್ಲಿ ತಿಳಿಯುತ್ತದೆ. ಮಳೆಗಾಲದಲ್ಲಿ ಹಸಿ ಗೋಡೆಗೆ ಒರಗಿಸಿಡಬೇಡಿ. ಕೇಸಿನಲ್ಲಿ ಸಿಲಿಕಾ ಜೆಲ್ ಇರಲಿ. ಬೆವರಿಗೆ ಮೊದಲು ತುಕ್ಕು ಹಿಡಿಯುವುದು ಅಂಗೈ ತಾಗುವ ಸ್ಯಾಡಲ್ ಸ್ಕ್ರೂಗಳಿಗೆ. ತಂತಿ ಬದಲಿಸುವಾಗಲೆಲ್ಲ ಸೂಜಿಯ ತುದಿಯಿಂದ ಹೊಲಿಗೆ ಮಷಿನ್ ಎಣ್ಣೆಯ ಒಂದು ಹನಿ ಸಾಕು.

ಎಂಟು ತಂತಿಯದು ಇದೇ ದಾರಿ, ಭಾರ ಹೆಚ್ಚು. ಎಂಟನೆಯ ಎಫ್ ಶಾರ್ಪ್ 46.25 ಹರ್ಟ್ಸ್. 27 ಇಂಚು ಸ್ಕೇಲಿನಲ್ಲಿ 74ರ ತಂತಿ ಹಾಕಿದರೆ ಅದೊಂದೇ ಏಳು ಕೆಜಿ ಮೇಲೆ, ಸ್ಕೇಲ್ ಉದ್ದವಾದ್ದರಿಂದ ಉಳಿದ ಏಳರ ಎಳೆತವೂ ಶೇ. 12ರಷ್ಟು ಏರುತ್ತದೆ. ಐದು ಸ್ಪ್ರಿಂಗ್ ಇಲ್ಲದೆ ಮಾತಿಲ್ಲ. ದಿನಕ್ಕೊಂದು ಶ್ರುತಿ ಬದಲಿಸುವವರು ಎಂಟು ತಂತಿಗೆ ತೇಲುವ ಬ್ರಿಜ್ ಕೊಳ್ಳುವುದೇ ಬೇಡ ಅನ್ನುವುದು ನನ್ನ ಅನಿಸಿಕೆ.

ಗಣಪತಿ ಹಬ್ಬದ ವೇದಿಕೆಯ ಮೇಲೆ ತಂತಿ ಹರಿದರೆ? ಸ್ಪ್ರಿಂಗ್ ಗೆದ್ದು ಉಳಿದ ಆರೂ ಏರಿರುತ್ತವೆ. ಬಾಲದ ಕಡೆಯ ತೇಗದ ತುಂಡು ಆಗ ಉಪಯೋಗಕ್ಕೆ ಬಾರದು, ಬ್ರಿಜ್ ಕೂತಿರುವುದು ಹಿಂದಕ್ಕೆ. ಬಾರ್ ಒತ್ತಿ, ಫೈನ್ ಟ್ಯೂನರುಗಳ ಕೆಳಗೆ ಎಟಿಎಂ ಕಾರ್ಡುಗಳ ಒಂದು ಕಟ್ಟು ತೂರಿಸಿ ಬಾರ್ ಬಿಡಿ. ಬ್ರಿಜ್ ಸಮನಾಗಿ ನಿಂತರೆ ಆರು ತಂತಿ ಹೆಚ್ಚುಕಡಿಮೆ ಶ್ರುತಿಗೆ ಮರಳುತ್ತವೆ, ಹಾಡು ಮುಗಿಯುವವರೆಗೆ ಬಾರ್ ಮುಟ್ಟದಿದ್ದರಾಯಿತು. ಎಷ್ಟು ಕಾರ್ಡ್ ಬೇಕು ಅನ್ನುವುದನ್ನು ಮನೆಯಲ್ಲೇ ಒಂದು ತಂತಿ ಸಡಿಲಿಸಿ ನೋಡಿ, ರಬ್ಬರ್ ಬ್ಯಾಂಡ್ ಹಾಕಿ 3 ಮಿಮೀ ಕೀ ಜೊತೆ ಕೇಸಿನ ಮೇಲಿನ ಖಾನೆಯಲ್ಲಿಟ್ಟಿರಿ.